ಮೊದಲ 600 ಗಜ: ಅರವತ್ತೊಂದು ಅಂಕ ಎಲ್ಲಿ ಹೋದವು?

600 ಗಜ ದೂರದ ರೈಫಲ್ ಸ್ಪರ್ಧೆ: ಮೂರು ಸುತ್ತು, ಸುತ್ತಿಗೆ 20 ಗುಂಡು, ಗುಂಡಿಗೆ ಹೆಚ್ಚೆಂದರೆ 10 ಅಂಕ. ಒಟ್ಟು 600ಕ್ಕೆ ಬಂದದ್ದು 539. ಮೊದಲ ಸಲ ದೂರದ ಗುರಿಗೆ ಇಳಿದವರಿಗೆ ಇದೇನು ನಾಚಿಕೆಪಡುವ ಅಂಕವಲ್ಲ. ಆದರೆ ಹೋದ 61 ಅಂಕಗಳಲ್ಲಿ ಯಾವುದು ಎಲ್ಲಿ ಹೋಯಿತೆಂದು ಒಂದೊಂದಾಗಿ ಎಣಿಸಿದರೆ, ಎರಡು ತಿಂಗಳ ತಯಾರಿಯಲ್ಲಿ ಹಣವೂ ಬೆವರೂ ತಪ್ಪು ಬಾಗಿಲಿಗೆ ಹೋಗಿತ್ತೆಂದು ಗೊತ್ತಾಗುತ್ತದೆ. ಈ ಬರಹ ಆ ಎಣಿಕೆ.

ಇಲ್ಲಿರುವ ಶೂಟರ್ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಹೊಸಬರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬನ ಮೇಲೆ ಹೊರಿಸಿ ಹೆಣೆದ ಪ್ರಕರಣ ಇದು. ಆತನನ್ನು ಹೀಗೆ ಇಟ್ಟುಕೊಳ್ಳೋಣ: ಕೊಡಗಿನವನು, ಅಮೆರಿಕದ ಅರಿಜೋನಾದಲ್ಲಿ ಕೆಲಸ, ಕೈಯಲ್ಲಿ ಗ್ರೀನ್ ಕಾರ್ಡ್. ಕೊಡವರ ಆಯುಧ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವನು. ಕೋವಿಯ ಭಯವಿಲ್ಲ, ಟ್ರಿಗರನ್ನು ಜಗ್ಗದೆ ಒತ್ತುವ ಬೆರಳಿದೆ. ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂದರ್ಭ ಮಾತ್ರ ಬದುಕಿನಲ್ಲಿ ಒಮ್ಮೆಯೂ ಬಂದಿಲ್ಲ.

ಗ್ರೀನ್ ಕಾರ್ಡ್ ಮಾತು ಸುಮ್ಮನೆ ಬಂದದ್ದಲ್ಲ. ಅಮೆರಿಕದ ಫೆಡರಲ್ ಕಾನೂನಿನಂತೆ ಎಚ್-1ಬಿ, ಎಫ್-1ರಂಥ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ನಿಷಿದ್ಧ. ಬೇಟೆ ಪರವಾನಗಿ ಪಡೆದಿರುವುದು ಮೊದಲಾದ ಕೆಲವೇ ವಿನಾಯಿತಿಗಳಿವೆ. ಗೆಳೆಯನ ರೈಫಲ್ ತಾನೇ ಎಂದು ಕೈಗೆತ್ತಿಕೊಳ್ಳುವ ಮೊದಲೇ ವಕೀಲರನ್ನು ಕೇಳಬೇಕು. ಗ್ರೀನ್ ಕಾರ್ಡ್ ಇದ್ದವರು 4473 ಫಾರ್ಮ್ ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿಸಿ ಕೊಳ್ಳಬಹುದು.

ಆತ ಹೆಸರು ಕೊಟ್ಟದ್ದು ಎಫ್-ಕ್ಲಾಸ್ ಎಂಬ ಸ್ಪರ್ಧಾ ಪದ್ಧತಿಯ ಎಫ್-ಟಿಆರ್ ವಿಭಾಗಕ್ಕೆ. ಎಫ್ ಎಂಬ ಅಕ್ಷರ ಕೆನಡಾದ ಜಾರ್ಜ್ ಫಾರ್ಕ್ವಾರ್ಸನ್ ಅವರಿಂದ ಬಂತು. ಕಣ್ಣು, ತೋಳು ಸೋತ ಮೇಲೂ ದೂರದ ಗುರಿಗೆ ಹೊಡೆಯಲು ದಾರಿ ಇರಲೆಂದು ದುರ್ಬೀನು, ಆಸರೆ ಎರಡನ್ನೂ ಬಳಸುವ ಈ ಪದ್ಧತಿಯನ್ನು ಅವರು ಬೆಳೆಸಿದರು. ಎಫ್-ಟಿಆರ್‌ನಲ್ಲಿ ಎರಡೇ ತೋಟಾಗಳಿಗೆ ಅವಕಾಶ: .223 ರೆಮಿಂಗ್ಟನ್, .308 ವಿಂಚೆಸ್ಟರ್. ದುರ್ಬೀನು, ಬೈಪಾಡ್ (ಮುಂದಿನ ಕವಲುಗಾಲಿನ ಆಸರೆ) ಸೇರಿ ರೈಫಲಿನ ತೂಕ 8.25 ಕಿಲೋ ಮೀರಬಾರದು. ಹಿಂದೆ ಮರಳಿನ ಚೀಲ ಇಡಬಹುದು, ಆದರೆ ತಿರುಪು ತಿರುಗಿಸಿ ಎತ್ತಿ ಇಳಿಸುವ ಹಿಂದಿನ ಆಸರೆ ಸಲ್ಲದು.

600 ಗಜವೆಂದರೆ ಸುಮಾರು 549 ಮೀಟರ್. ಅಷ್ಟು ದೂರದಲ್ಲಿ ಈ ವಿಭಾಗದ ಗುರಿಹಾಳೆಯ ಹತ್ತರ ವೃತ್ತ 6 ಇಂಚು ಅಗಲ. ಅದರೊಳಗೆ ಸಮಾನ ಅಂಕ ಬಂದಾಗ ತೀರ್ಮಾನಿಸುವ ಎಕ್ಸ್ ವೃತ್ತ 3 ಇಂಚು. ಒಂಬತ್ತರದು 12, ಎಂಟರದು 18. ಸುಲಿದ ತೆಂಗಿನಕಾಯಿಗಿಂತ ತುಸು ದೊಡ್ಡ ಗುರಿ, ಅರ್ಧ ಕಿಲೋಮೀಟರಿಗೂ ಆಚೆ. ಕೋನದ ಅಳತೆಯಲ್ಲಿ ಹೇಳುವುದಾದರೆ ಒಂದು ಎಂಓಎ, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ, ಅಲ್ಲಿ 6.28 ಇಂಚು. ಅಂದರೆ ಹತ್ತರ ವೃತ್ತ ಒಂದು ಎಂಓಎಗೆ ಕೂದಲೆಳೆಯಷ್ಟು ಕಡಿಮೆ. ದುರ್ಬೀನಿನ ಗುರಿ ಸರಿಹೊಂದಿಸುವ ತಿರುಗಣೆಯ ಒಂದು ಕ್ಲಿಕ್ಕು ಕಾಲು ಎಂಓಎ, ಅಲ್ಲಿ ಒಂದೂವರೆ ಇಂಚು.

ಸಾಮಾನು

20 ಇಂಚು ನಳಿಗೆಯ ಕಾರ್ಖಾನೆ ರೈಫಲ್ 4.9 ಕಿಲೋ, ದುರ್ಬೀನು ಮತ್ತು ಮೌಂಟ್ 1.1, ಬೈಪಾಡ್ 0.6. ಒಟ್ಟು 6.6 ಕಿಲೋ, ತೂಕದ ಚಿಂತೆಯೇ ಇಲ್ಲ. ಮೌಂಟಿನಲ್ಲಿ 20 ಎಂಓಎ ಇಳಿಜಾರು ಇದ್ದದ್ದರಿಂದ ದುರ್ಬೀನಿನ ಮೇಲ್ತಿರುಗಣೆಗೆ ಬೇಕಾದಷ್ಟು ಜಾಗ ಸಿಕ್ಕಿತು.

ಮೊದಲ ತೊಡಕು ನಳಿಗೆಯ ತುದಿಯಲ್ಲಿತ್ತು. ಅಂಗಡಿಯಿಂದ ಬಂದ ರೈಫಲಿಗೆ, ಮದ್ದಿನ ಅನಿಲವನ್ನು ಪಕ್ಕಕ್ಕೆ ತಳ್ಳಿ ಒದೆತ ತಗ್ಗಿಸುವ ಮಜಲ್ ಬ್ರೇಕ್ ಹಾಕಿತ್ತು. ಎಫ್-ಕ್ಲಾಸ್‌ನಲ್ಲಿ ಅದಕ್ಕೆ ಅನುಮತಿಯಿಲ್ಲ, ಪಕ್ಕದಲ್ಲಿ ಮಲಗಿದವನ ಕಿವಿ ಮುಖಗಳಿಗೆ ಅದೊಂದು ಶಿಕ್ಷೆ. ಬಿಚ್ಚಿ, ನಳಿಗೆ ತುದಿಯ ತಿರುಪಿನ ಗೆರೆಗಳ ಮೇಲೆ ಮುಚ್ಚಳ ಕೂರಿಸಬೇಕು. ಬಿಚ್ಚಿದ ಮೇಲೆ ಗುಂಡು ಬೀಳುವ ಜಾಗ ಬದಲಾಗುತ್ತದೆ, ಒದೆತವೂ ಹೆಚ್ಚುತ್ತದೆ. ಆದ್ದರಿಂದ ಇದು ಮೊದಲ ವಾರದ ಕೆಲಸ. ಸ್ಪರ್ಧೆಯ ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ಪಾನಾ ಹಿಡಿದು ಮಾಡುವಂಥದ್ದಲ್ಲ.

ತೋಟಾ: 175 ಗ್ರೇನ್ ಸಿಯೆರಾ ಮ್ಯಾಚ್‌ಕಿಂಗ್ ಗುಂಡಿನ ಕಾರ್ಖಾನೆ ಮ್ಯಾಚ್ ತೋಟಾ, ಒಂದೇ ಲಾಟಿನ ಹತ್ತು ಪೆಟ್ಟಿಗೆ, 200 ತೋಟಾ. 20 ಸೊನ್ನೆ ಹೊಂದಿಸಲು (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ದುರ್ಬೀನು ಕೂಡಿಸಲು), 10 ತಿರುಗಣೆ ಪರೀಕ್ಷೆಗೆ, 20 ಒಂದೇ ದೊಡ್ಡ ಗುಂಪಿಗೆ, 60 ಮುನ್ನೂರು ಗಜದ ಅಭ್ಯಾಸಕ್ಕೆ, 80 ಸ್ಪರ್ಧೆಗೆ. ಮಿಕ್ಕ ಹತ್ತು ಕೈಗಾವಲು. ಸ್ಪರ್ಧೆಗೆ ನಿಜಕ್ಕೂ ಬೇಕಾದದ್ದು 66, ಅಂದರೆ ಸುತ್ತಿಗೆ 20 ಅಂಕದ ಗುಂಡು ಮತ್ತು ಅಂಕಕ್ಕೆ ಸೇರದ 2 ಪರೀಕ್ಷಾ ಗುಂಡು. ಲಾಟ್ ಬದಲಾದರೆ ವೇಗವೂ ಬದಲಾಗಬಹುದು. ಕಡಿಮೆ ಬಿದ್ದರೆ ಆಮೇಲೆ ತಂದರಾಯಿತು ಎನ್ನುವ ಲೆಕ್ಕ ಇಲ್ಲಿ ನಡೆಯದು.

ಇಷ್ಟರವರೆಗೆ ತಪ್ಪಿಲ್ಲ. ಆತನ ಗಮನ ಅಂಟಿಕೊಂಡದ್ದು ಐದು ಗುಂಡಿನ ಗುಂಪುಗಳಿಗೆ, ಅಂದರೆ ಒಂದೇ ಚುಕ್ಕೆಗೆ ಹೊಡೆದ ಐದು ತೂತುಗಳು ಎಷ್ಟು ಹತ್ತಿರ ಬಿದ್ದವು ಎಂಬುದಕ್ಕೆ. 100 ಗಜದಲ್ಲಿ ಮುಕ್ಕಾಲು ಇಂಚಿನ ಗುಂಪು ಬಿದ್ದರೆ ಫೋಟೋ, ಒಂದು ಇಂಚಾದರೆ ಟ್ರಿಗರ್ ಬದಲಿಸುವ ಯೋಚನೆ. ಇಪ್ಪತ್ತು ಗುಂಡುಗಳನ್ನು ಒಂದೇ ಹಾಳೆಗೆ ಹೊಡೆದಾಗ ಬಂದ 1.2 ಇಂಚು ಅಗಲದ ಗುಂಪೇ ಆ ರೈಫಲಿನ, ಆ ಕೈಯ ನಿಜವಾದ ಜಾತಕ. ಅದು ಬಂದಮೇಲೆ ರೈಫಲನ್ನು ಪಕ್ಕಕ್ಕಿಟ್ಟು ಗಾಳಿ ನೋಡಲು ಹೋಗಬೇಕಿತ್ತು.

ಆತ ಚೆನ್ನಾಗಿ ಮಾಡಿದ್ದೂ ಒಂದಿದೆ: ಎತ್ತರದ ಹಾಳೆಯ ಪರೀಕ್ಷೆ. 100 ಗಜದಲ್ಲಿ ನಾಲ್ಕಡಿ ಉದ್ದದ ಕಾಗದ. ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು, ಅದರ ಗುಂಟ ಎಳೆದ ನೇರ ಗೆರೆ. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಐದು ಗುಂಡು, ತಿರುಗಣೆ 20 ಎಂಓಎ ಏರಿಸಿ ಅದೇ ಚುಕ್ಕೆಗೆ ಮತ್ತೆ ಐದು. ಎರಡು ಗುಂಪುಗಳ ನಡುವೆ 20.9 ಇಂಚು ಇರಬೇಕು. 20 ಇಂಚು ಮಾತ್ರ ಬಂದರೆ ನಿಮ್ಮ ತಿರುಗಣೆ ಎಂಓಎ ಅಲ್ಲದೆ ನೂರು ಗಜಕ್ಕೊಂದು ಇಂಚಿನ ಅಳತೆಯದು ಎಂದರ್ಥ. 600 ಗಜದಲ್ಲಿ ಆ ವ್ಯತ್ಯಾಸವೇ ನಾಲ್ಕೂವರೆ ಇಂಚಿನಷ್ಟು ಕೆಳಗೆ ತಳ್ಳುತ್ತದೆ. ಮೇಲಿನ ಗುಂಪು ಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ದುರ್ಬೀನು ವಾಲಿ ಕೂತಿದೆ. ಒಂದೇ ಒಂದು ಡಿಗ್ರಿ ವಾಲಿದರೂ 600 ಗಜದಲ್ಲಿ ಸುಮಾರು 1.7 ಇಂಚು ಅಡ್ಡಕ್ಕೆ ಹೋಗುತ್ತದೆ, ಶೂಟರ್ ಅದನ್ನು ಗಾಳಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ಈತನ ದುರ್ಬೀನು ಎರಡರಲ್ಲೂ ಪಾಸಾಯಿತು.

ಪೆಟ್ಟಿಗೆಯ ಮೇಲಿನ ಅಂಕಿ

ತೋಟಾ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 2600 ಅಡಿ ಎಂದು ಅಚ್ಚಾಗಿತ್ತು. ಮೊಬೈಲ್ ಆ್ಯಪ್‌ಗೆ ಅದನ್ನೇ ಕೊಟ್ಟ. 600 ಗಜಕ್ಕೆ ಹತ್ತಿರ ಹತ್ತಿರ 16 ಎಂಓಎ ಏರಿಸು ಎಂದಿತು. ಆದರೆ ಅದು 24 ಇಂಚಿನ ಪರೀಕ್ಷಾ ನಳಿಗೆಯ ವೇಗ. ಈತನದು 20 ಇಂಚು. ಆ ನಾಲ್ಕು ಇಂಚಿಗೆ 50 ಅಡಿಯ ಆಸುಪಾಸು ಕಡಿಮೆಯಾಗುವುದು ಸಹಜ, ಈತನ ನಳಿಗೆಯಲ್ಲಿ ಆಮೇಲೆ ಅಳೆದಾಗ ಸಿಕ್ಕಿದ್ದು 2545.

ಇದು 300 ಗಜದ ಅಭ್ಯಾಸದಲ್ಲೇ ಸುಳಿವು ಕೊಟ್ಟಿತ್ತು. ಗುಂಪುಗಳ ನಡುಬಿಂದು ಪ್ರತಿ ಸಲವೂ ಒಂದಿಂಚಿಗೆ ತುಸು ಕಡಿಮೆ ಕೆಳಗೆ. ಮೂರಿಂಚಿನ ಗುಂಪಿನಲ್ಲಿ ಒಂದಿಂಚು ಯಾವ ಲೆಕ್ಕ ಎಂದು ಬಿಟ್ಟ. ಗುಂಡು ಬೀಳುವ ದಾರಿ ನೇರ ಗೆರೆಯಲ್ಲ, ದೂರ ಹೋದಂತೆ ಬಾಗು ಹೆಚ್ಚುತ್ತದೆ. 300 ಗಜದ ಮುಕ್ಕಾಲು ಇಂಚು 600ಕ್ಕೆ ಒಂದೂವರೆ ಆಗುವುದಿಲ್ಲ, ಐದು ಇಂಚಾಗುತ್ತದೆ. ಒಂದು ದಿಕ್ಕಿಗೆ ಸತತವಾಗಿ ವಾಲುವ ಚಿಕ್ಕ ತಪ್ಪನ್ನು ಗುಂಪಿನ ಅಗಲದೊಳಗೆ ಮುಚ್ಚಿಹಾಕಬಾರದು. ಹತ್ತು ಗುಂಪುಗಳ ನಡುಬಿಂದುಗಳನ್ನು ಒಂದೇ ಹಾಳೆಯ ಮೇಲೆ ಗುರುತು ಹಾಕಿದ್ದರೆ ಅದು ಕಣ್ಣಿಗೆ ರಾಚುತ್ತಿತ್ತು. ಗುಂಡಿನ ವೇಗ ಅಳೆಯುವ ಕ್ರೋನೊಗ್ರಾಫ್ ಅನ್ನು ಕ್ಲಬ್ಬಿನಲ್ಲಿ ಯಾರಾದರೂ ಒಂದು ಗಂಟೆಗೆ ಕೊಡುತ್ತಾರೆ. ಹತ್ತು ಗುಂಡು ಸಾಕಿತ್ತು.

ಅದೇ ಹತ್ತು ಗುಂಡುಗಳಲ್ಲಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ 46 ಅಡಿ ಅಂತರ ಇತ್ತು. 600 ಗಜದಲ್ಲಿ ಅದು ನಾಲ್ಕೂವರೆ ಇಂಚಿನಷ್ಟು ಮೇಲೆ ಕೆಳಗೆ. ಹತ್ತರ ವೃತ್ತ 6 ಇಂಚೆಂಬುದು ನೆನಪಿರಲಿ: ಗುರಿಯ ಎತ್ತರ ಸರಿಯಾಗಿ ನಡುವಿನಲ್ಲಿದ್ದರೆ ಮಾತ್ರ ಕಾರ್ಖಾನೆ ತೋಟಾಗೆ ಹತ್ತರೊಳಗೆ ಉಸಿರಾಡಲು ಜಾಗ. ಕೈಯಲ್ಲಿ ತುಂಬಿದ ತೋಟಾ ಈ ಅಂತರವನ್ನು ಅರ್ಧಕ್ಕಿಳಿಸಬಲ್ಲದು. ಮೊದಲ ಸ್ಪರ್ಧೆಗೆ ಅದು ಬೇಡ. ಆ ಹೊತ್ತನ್ನು ಬೇರೆ ಕಡೆ ಕೊಟ್ಟರೆ ಹೆಚ್ಚು ಅಂಕ.

ಮೊದಲ ಸುತ್ತು: 172

ಬೆಳಿಗ್ಗೆ ಏಳೂವರೆ, ಮರುಭೂಮಿಯ ಚಳಿ, ಬಾವುಟಗಳು ಕಂಬಕ್ಕೆ ಅಂಟಿಕೊಂಡಿವೆ. ಮೂರು ನಿಮಿಷದ ತಯಾರಿ, ಆಮೇಲೆ 22 ನಿಮಿಷದಲ್ಲಿ 22 ಗುಂಡು. ಒಂದೊಂದೇ ತೋಟಾ ಕೈಯಿಂದ ಹಾಕಬೇಕು. ಸರದಿ ಬರುವವರೆಗೂ ತೋಟಾ ಕೂರುವ ಚೇಂಬರಿನಲ್ಲಿ, ಅದು ಖಾಲಿ ಎಂದು ತೋರಿಸುವ ಬಣ್ಣದ ಫ್ಲ್ಯಾಗ್ ಇರಲೇಬೇಕು.

ಪರೀಕ್ಷಾ ಗುಂಡು ಎರಡೂ ಒಂಬತ್ತರ ಕೆಳಭಾಗದಲ್ಲಿ. ಮೊದಲನೆಯದಕ್ಕೆ ಏನೂ ಮಾಡಲಿಲ್ಲ, ನನ್ನ ಕೈ ಅಲುಗಿತು ಎಂದುಕೊಂಡ. ಎರಡನೆಯದಕ್ಕೆ ಒಂದೇ ಕ್ಲಿಕ್ಕು ಏರಿಸಿದ. ಬೇಕಿದ್ದದ್ದು ಮೂರು. ಅಂಕದ ಗುಂಡುಗಳಲ್ಲಿ ಅಂಜುತ್ತ ಅಂಜುತ್ತ ಮೇಲೇರುವಷ್ಟರಲ್ಲಿ ಆರು ಒಂಬತ್ತುಗಳು, ಆರು ಅಂಕ ನಷ್ಟ. ಎರಡೇ ಪರೀಕ್ಷಾ ಗುಂಡು ಇರುವಲ್ಲಿ ಅಂಜಿಕೆ ದುಬಾರಿ. ಗುಂಡಿನ ತೂತಿಗೆ ಚುಚ್ಚಿ ತೋರಿಸುವ ಗುರುತಿನ ಬಿಲ್ಲೆ ನಡುವಿನಿಂದ 5 ಇಂಚು ಕೆಳಗೆ ಕಂಡರೆ ಪೂರ್ತಿ 5 ಇಂಚಿಗೆ, ಅಂದರೆ ಮುಕ್ಕಾಲು ಎಂಓಎಗೆ ಏರಿಸಿ ಎರಡನೆಯದನ್ನು ಹೊಡೆಯಬೇಕು. ಇನ್ನೊಂದು ಮಾತು: ತೊಳೆದು ಎಣ್ಣೆ ಸವರಿದ ನಳಿಗೆಯ ಮೊದಲ ಕೆಲವು ಗುಂಡುಗಳನ್ನು ನಂಬುವ ಹಾಗಿಲ್ಲ, ಹಿಂದಿನ ದಿನದ ಅಭ್ಯಾಸದ ಕೊಳೆ ನಳಿಗೆಯಲ್ಲಿ ಉಳಿದಿರುವುದೇ ವಾಸಿ.

ಹನ್ನೊಂದನೆಯ ಗುಂಡಿಗೆ ಪಕ್ಕದ ಗುರಿಯ ಮೇಲೆ ಎರಡು ಬಿಲ್ಲೆ, ಈತನ ಗುರಿ ಅಲುಗಲೇ ಇಲ್ಲ. ಅಂಕ ಬರೆಯುವವನು ಪಿಟ್‌ಗೆ, ಅಂದರೆ ಗುರಿ ಎಳೆಯುವವರು ನಿಲ್ಲುವ ಗೋಡೆಯ ಹಿಂದಿನ ಜಾಗಕ್ಕೆ, 'ಮಾರ್ಕ್' (ಗುರುತು ತೋರಿಸಿ) ಎಂದು ಕೇಳಿದ, ಗುರಿ ಇಳಿದು ಬಂತು, ಹೊಸ ತೂತಿಲ್ಲ. ಇನ್ನೊಬ್ಬರ ಗುರಿಗೆ ಹೊಡೆದದ್ದು, ಅಂದರೆ ಕ್ರಾಸ್‌ಫೈರ್, ಈತನ ಲೆಕ್ಕಕ್ಕೆ ಸೊನ್ನೆ. ಬಿಳಿ ಚೌಕಗಳು ಸಾಲಾಗಿ ನಿಂತಿರುವಾಗ, ಹೆಚ್ಚು ವರ್ಧನೆಯ ದುರ್ಬೀನಿನಲ್ಲಿ ಪಕ್ಕದ್ದು ನಿಮ್ಮದರಂತೆಯೇ ಕಾಣುತ್ತದೆ. ತೋಟಾ ಹಾಕಲು ಹೊರಳಿದಾಗ ಬೈಪಾಡ್ ಒಂದು ಬೆರಳು ಸರಿದರೆ ಸಾಕು. ಮದ್ದು ಸರಳ: ಗುರಿಯ ಕೆಳಗಿನ ಸಂಖ್ಯೆಯ ಹಲಗೆ ದುರ್ಬೀನಿನಲ್ಲಿ ಕಂಡ ಮೇಲೆಯೇ ಬೋಲ್ಟ್ ಮುಚ್ಚುವುದು, 22 ಸಲವೂ. ಹಳಬರು ಸಹ ಇದರಿಂದ ಪೂರ್ತಿ ಪಾರಾದವರಲ್ಲ, ಒಪ್ಪಿಕೊಳ್ಳುವವರು ಕಡಿಮೆ.

ಉಳಿದ ಹನ್ನೆರಡರಲ್ಲಿ ಒಂಬತ್ತು ಗಾಳಿಗೆ, ಮೂರು ತೋಟಾ ಮತ್ತು ಕೈಗೆ.

ಎರಡನೆಯ ಸುತ್ತು: 181

ಈ ಪ್ರಕರಣದ ಹೂರಣ ಇಲ್ಲಿದೆ.

ಗಂಟೆಗೆ 10 ಮೈಲಿಯ ಅಡ್ಡಗಾಳಿ ಈ ಗುಂಡನ್ನು 600 ಗಜದಲ್ಲಿ ಸುಮಾರು 33 ಇಂಚು ತಳ್ಳುತ್ತದೆ. ಹತ್ತರಿಂದ ಭಾಗಿಸಿ: ಒಂದು ಮೈಲಿಗೆ 3.3 ಇಂಚು. ಹತ್ತರ ವೃತ್ತದ ಅರ್ಧ ಅಗಲ 3 ಇಂಚು. ನಟ್ಟನಡುವಿಗೆ ಹೋಗಬೇಕಿದ್ದ ಗುಂಡು, ಗಾಳಿಯ ಅಂದಾಜು ಗಂಟೆಗೆ ಒಂದು ಮೈಲಿ ತಪ್ಪಿದರೆ ಒಂಬತ್ತಕ್ಕೆ ಬೀಳುತ್ತದೆ. ಎರಡು ಮೈಲಿ ತಪ್ಪಿದರೆ ಎಂಟು. ರೈಫಲಿನ ಗುಂಪು 1.2ರಿಂದ 0.9 ಎಂಓಎಗೆ ಇಳಿದರೂ ಇದರ ಮುಂದೆ ಚಿಲ್ಲರೆ ಕಾಸು.

ಬಾವುಟ ಓದಲು ಒರಟು ಸೂತ್ರವೊಂದಿದೆ: ಕಂಬಕ್ಕೂ ಬಾವುಟಕ್ಕೂ ನಡುವಿನ ಕೋನವನ್ನು ನಾಲ್ಕರಿಂದ ಭಾಗಿಸಿದರೆ ಗಂಟೆಗೆ ಇಷ್ಟು ಮೈಲಿ. 20 ಡಿಗ್ರಿ ಎದ್ದರೆ 5, 40 ಎದ್ದರೆ 10. ಒದ್ದೆ ಬಾವುಟ, ದಪ್ಪ ಬಟ್ಟೆ ಇದನ್ನು ಕೆಡಿಸುತ್ತವೆ. ದಿಕ್ಕಿಗೆ ಗಡಿಯಾರ: ಗುರಿ ಹನ್ನೆರಡರಲ್ಲಿದೆ ಎಂದುಕೊಂಡರೆ ಮೂರು, ಒಂಬತ್ತರ ಕಡೆಯ ಗಾಳಿಗೆ ಪೂರ್ತಿ ಬೆಲೆ, ಒಂದರ ಕಡೆಯದಕ್ಕೆ ಅರ್ಧ, ಎರಡರದಕ್ಕೆ ಮುಕ್ಕಾಲಿಗೂ ಮಿಕ್ಕಿ. ಇದೆಲ್ಲ ಆತನಿಗೆ ಬಾಯಿಪಾಠವಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಬಿಸಿಲೇರಿ ಗಾಳಿ ಎದ್ದಿತು, ಆದರೆ ಎದುರಿನಿಂದ. ಬಾವುಟಗಳು ನೇರ ಈತನ ಮುಖದ ಕಡೆ. ಎದುರುಗಾಳಿಗೆ ಅಡ್ಡ ತಳ್ಳುವ ಬಲವಿಲ್ಲ ಎಂದು ಪಕ್ಕದ ತಿರುಗಣೆಯನ್ನು ಸೊನ್ನೆಗೆ ತಂದ. ಪುಸ್ತಕದ ಮಟ್ಟಿಗೆ ಸರಿ. ನೆಲದ ಮೇಲೆ ಎದುರುಗಾಳಿ ಒಂದೇ ದಿಕ್ಕಿನಲ್ಲಿ ನಿಲ್ಲುವುದಿಲ್ಲ. ಮೀನಿನ ಬಾಲದಂತೆ ಹನ್ನೊಂದೂವರೆಗೂ ಹನ್ನೆರಡೂವರೆಗೂ ನಡುವೆ ತೊನೆಯುತ್ತದೆ. ಲೆಕ್ಕ ಹಾಕಿ ನೋಡಿ: 8 ಮೈಲಿಯ ಗಾಳಿ, ನಡುಗೆರೆಯಿಂದ 15 ಡಿಗ್ರಿ ಸರಿದರೆ ಅದರ ಕಾಲುಭಾಗ, ಅಂದರೆ 2 ಮೈಲಿ, ಅಡ್ಡಗಾಳಿಯಾಗುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ. ಒಟ್ಟು ತೊನೆತ 4 ಮೈಲಿ, ಗುರಿಯ ಮೇಲೆ 13ರಿಂದ 14 ಇಂಚು. ಬಾವುಟ ನೋಡುವವನ ಕಣ್ಣಿಗೆ ಅದು ತುಸು ತಲೆ ತಿರುಗಿಸಿದಂತೆ ಕಾಣುತ್ತದೆ, ಅಷ್ಟೆ. ಒಂದೇ ಕಡೆಯಿಂದ ಜೋರಾಗಿ ಬೀಸುವ 10 ಮೈಲಿ ಗಾಳಿ ಇದಕ್ಕಿಂತ ಎಷ್ಟೋ ಸಾಧು ಪ್ರಾಣಿ.

ಎಡಕ್ಕೆ ಎಂಟು ಬಿದ್ದಾಗ ಬಲಕ್ಕೆ ಕ್ಲಿಕ್ಕು ತಿರುಗಿಸಿದ. ಅಷ್ಟರಲ್ಲಿ ಗಾಳಿ ಆ ಕಡೆಗೆ ಹೊರಳಿ ಮುಂದಿನದು ಬಲಕ್ಕೆ ಎಂಟು. ಹೋದ ಗುಂಡನ್ನು ಬೆನ್ನಟ್ಟುವುದು ಎನ್ನುತ್ತಾರೆ ಇದಕ್ಕೆ. 14 ಅಂಕ ಹೀಗೆ ಹೋದವು, ಮೇಲೆ ಕೆಳಗಿನ ಚೆದುರಿಗೆ ಐದು.

ಬಿಸಿಲ್ಗುದುರೆ ನೋಡಿದ್ದರೆ ಬಹುಪಾಲು ಉಳಿಯುತ್ತಿತ್ತು. ಪಕ್ಕದಲ್ಲಿಟ್ಟು ನೋಡುವ ಸ್ಪಾಟಿಂಗ್ ಸ್ಕೋಪಿನ (ಬಿಡಿ ದುರ್ಬೀನಿನ) ಫೋಕಸನ್ನು ಗುರಿಯಿಂದ ಈಚೆಗೆ, ದಾರಿಯ ಅರ್ಧಕ್ಕೋ ಮೂರರಲ್ಲಿ ಎರಡು ಭಾಗಕ್ಕೋ ತಂದರೆ ನೆಲದ ಝಳ ನೀರಿನಂತೆ ಹರಿಯುವುದು ಕಾಣುತ್ತದೆ. ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಎಂಬುದು ಬಾವುಟಕ್ಕಿಂತ ಮೊದಲು ಅಲ್ಲಿ ಗೊತ್ತಾಗುತ್ತದೆ. ಝಳ ನೆಟ್ಟಗೆ ಮೇಲಕ್ಕೆ ಕುದಿಯುವಂತೆ ಕಂಡರೆ ಅಡ್ಡಗಾಳಿ ಇಲ್ಲವೆಂದು ಅರ್ಥ, ಆ ಕ್ಷಣಕ್ಕೆ ಮಾತ್ರ. ತೊನೆಯುವ ಗಾಳಿ ಮಗ್ಗಲು ಬದಲಿಸುವ ಗಳಿಗೆಯೂ ಅದೇ ಆಗಿರುತ್ತದೆ. ಬೆರಳು ಒತ್ತುವುದರೊಳಗೆ ಅದು ಯಾವ ಕಡೆ ಬೀಳುತ್ತದೋ ಹೇಳಲಾಗದು. ಕುದಿಯುವಾಗ ಹೊಡೆಯಬೇಡಿ. ಗಾಳಿ ಜೋರಾದರೆ ಝಳ ಚಪ್ಪಟೆಯಾಗಿ, ವೇಗದ ವ್ಯತ್ಯಾಸ ಹೇಳುವುದನ್ನು ನಿಲ್ಲಿಸುತ್ತದೆ. ಆಗ ಮತ್ತೆ ಬಾವುಟವೇ ಗತಿ.

ಪಿಟ್

ಎರಡನೆಯ ಮೂರನೆಯ ಸುತ್ತುಗಳ ನಡುವೆ ಆತನ ಪಾಳಿ ಪಿಟ್‌ನಲ್ಲಿ. ಗೋಡೆಯ ಹಿಂದೆ ನಿಂತು ಚೌಕಟ್ಟು ಎಳೆಯುವುದು, ಹೊಸ ತೂತಿಗೆ ಬಿಲ್ಲೆ ಚುಚ್ಚುವುದು, ಹಳೆಯದಕ್ಕೆ ಅಂಟುಕಾಗದ, ಅಂಕದ ಗುರುತನ್ನು ಅಂಚಿನ ಸರಿಯಾದ ಜಾಗಕ್ಕೆ ಸರಿಸಿ ಮತ್ತೆ ಮೇಲಕ್ಕೆ. ಹತ್ತು ಸೆಕೆಂಡಿನಲ್ಲಿ ಮುಗಿಸಿದರೆ ಒಳ್ಳೆಯ ಸೇವೆ. ಹೊಸಬರು ಮೋಡಿಗೆ ಬಿದ್ದು ತೂತನ್ನೇ ನೋಡುತ್ತ ನಿಲ್ಲುತ್ತಾರೆ. ಮೇಲೆ ಕಾಯುತ್ತಿರುವವನ ಗಾಳಿ ಅಷ್ಟರಲ್ಲಿ ಬದಲಾಗಿರುತ್ತದೆ. ಕಿವಿಗೆ ರಕ್ಷೆ ಅಲ್ಲೂ ಬೇಕು: 600 ಗಜದಲ್ಲೂ ಈ ಗುಂಡು ಶಬ್ದಕ್ಕಿಂತ ವೇಗವಾಗಿ ತಲೆಯ ಮೇಲೆ ಹಾಯುತ್ತದೆ, ಚಾಟಿ ಬೀಸಿದಂಥ ಸದ್ದು. ಕೈಗವಸು, ಟೋಪಿ, ಎರಡು ಲೀಟರ್ ನೀರು.

ಪಿಟ್‌ನಲ್ಲಿ ಆತ ಎಳೆದದ್ದು ಹಳಬನೊಬ್ಬನ ಗುರಿ. ಮೂರು ನಿಮಿಷ ಒಂದೂ ಗುಂಡಿಲ್ಲ, ಆಮೇಲೆ ಎರಡು ನಿಮಿಷದಲ್ಲಿ ಐದು ಹತ್ತುಗಳು, ಮತ್ತೆ ಮೌನ.

ಮೂರನೆಯ ಸುತ್ತು: 186

ಅದನ್ನೇ ಅನುಕರಿಸಿದ. 22 ನಿಮಿಷದಲ್ಲಿ 22 ಗುಂಡು ಎಂದರೆ ನಿಮಿಷಕ್ಕೊಂದು ಎಂದೇನಿಲ್ಲ. ಗಾಳಿ ಹೆಚ್ಚು ಹೊತ್ತು ಎಡಗಡೆಯಿಂದಲೇ ಬರುತ್ತಿತ್ತು. ಆ ಸ್ಥಿತಿಗೆ ತಿರುಗಣೆ ಹೊಂದಿಸಿ, ಅದು ಬಂದಾಗ ಬೇಗ ಬೇಗ ಹೊಡೆದು, ಬದಲಾದಾಗ ಬೋಲ್ಟ್ ತೆರೆದು ಕಾದ. ಗಾಳಿಯ ನಷ್ಟ 14ರಿಂದ 9ಕ್ಕೆ ಇಳಿಯಿತು.

ಕಾಯುವುದರಲ್ಲೂ ಒಂದು ಗುಂಡಿ ಇದೆ, ಆತ ಎರಡು ಸಲ ಬಿದ್ದ. ನಳಿಗೆ ಕಾದಿರುವಾಗ ತೋಟಾವನ್ನು ಚೇಂಬರಿನಲ್ಲಿಟ್ಟು ಒಂದೂವರೆ ನಿಮಿಷ ಕಾದರೆ ಮದ್ದು ಬಿಸಿಯಾಗಿ ವೇಗ ಹೆಚ್ಚುತ್ತದೆ. ಎರಡೂ ಮೇಲೆ ಒಂಬತ್ತು. ತೋಟಾ ಅಂಗೈಯಲ್ಲೂ ಬೇಡ, ಬಿಸಿಲಲ್ಲೂ ಬೇಡ. ಡಬ್ಬಿಯಲ್ಲಿರಲಿ, ಗಾಳಿ ಒಪ್ಪಿದ ಮೇಲೆ ಹಾಕಿ. ಕಾದ ನಳಿಗೆಯಿಂದೇಳುವ ಝಳ ದುರ್ಬೀನಿನ ಮುಂದೆಯೇ ಕುಣಿಯುತ್ತದೆ, ಅದಕ್ಕೆ ನಳಿಗೆಯ ಉದ್ದಕ್ಕೂ ಎರಡಿಂಚು ಅಗಲದ ಪಟ್ಟಿ ಎಳೆದು ಕಟ್ಟಿದರೆ ಸಾಕು. ಇನ್ನುಳಿದ ಮೂರು ಅಂಕ ಚಿಲ್ಲರೆ.

ಕೂಡಿಸಿ: ಗಾಳಿಗೆ 32, ಕ್ರಾಸ್‌ಫೈರ್‌ಗೆ 10, ಪೆಟ್ಟಿಗೆಯ ಅಂಕಿ ನಂಬಿದ್ದಕ್ಕೆ 6, ಬಿಸಿ ಚೇಂಬರಿಗೆ 2. ರೈಫಲ್, ತೋಟಾ, ಕೈ ಮೂರೂ ಸೇರಿ 11. ಹೊಸ ಟ್ರಿಗರ್, ದುಬಾರಿ ಬೈಪಾಡ್, ಕೈಯಲ್ಲಿ ತುಂಬಿದ ತೋಟಾ ಈ ಹನ್ನೊಂದರಲ್ಲಿ ಅರ್ಧವನ್ನು ಉಳಿಸಿದರೆ ಹೆಚ್ಚು.

ಮುಂದಿನ ತಿಂಗಳಿಗೆ ಆತನ ಪಟ್ಟಿ ಚಿಕ್ಕದು. ಹತ್ತು ಗುಂಡು ಕ್ರೋನೊಗ್ರಾಫ್ ಮೇಲೆ. ಸ್ಟಾಕಿನ ಎಡಗೆನ್ನೆಗೆ ಅಂಟುಪಟ್ಟಿ, ಅದರ ಮೇಲೆ ದಪ್ಪಕ್ಷರದಲ್ಲಿ ಗುರಿಯ ಸಂಖ್ಯೆ. ಮತ್ತೆ ಎರಡು ಭಾನುವಾರ ರೈಫಲ್ ಇಲ್ಲದೆ ರೇಂಜಿಗೆ ಹೋಗಿ ಅಂಕ ಬರೆಯುವ ಕುರ್ಚಿಯಲ್ಲಿ ಕೂರುವುದು: ಪ್ರತಿ ಗುಂಡಿಗೂ ಮೊದಲು ಗಾಳಿ ಎಷ್ಟು ಮೈಲಿ ಎಂದು ಚೀಟಿಯಲ್ಲಿ ಬರೆದುಕೊಂಡು, ಬಿಲ್ಲೆ ಮೇಲೆದ್ದಾಗ ತನ್ನ ಅಂದಾಜು ಎಷ್ಟು ಇಂಚು ತಪ್ಪಿತೆಂದು ಪಕ್ಕದಲ್ಲಿ ಬರೆಯುವುದು. ದಿನಕ್ಕೆ ಅರವತ್ತು ಗುಂಡು, ತೋಟಾದ ಖರ್ಚು ಬೇರೆಯವರದು.